ಜೇನು ತೆಗೆಯುವ ದಿನವೇ ಹೋಗಿ

ಕಾಯಿಸದ ಜೇನುತುಪ್ಪ, ಅಂದರೆ ಈಗ ಎಲ್ಲರೂ 'ರಾ ಹನಿ' ಎನ್ನುತ್ತಾರಲ್ಲ ಅದನ್ನು, ಬಾಟಲಿಯ ಮೇಲಿನ ಚೀಟಿ ಓದಿ ಆರಿಸಲು ವರ್ಷಗಟ್ಟಲೆ ಒದ್ದಾಡಿದೆ. 'ಶುದ್ಧ', 'ನೈಸರ್ಗಿಕ' ಎಂಬ ಮಾತು ಯಾವ ಬಾಟಲಿಯ ಮೇಲೆ ಇರುವುದಿಲ್ಲ ಹೇಳಿ? ಕೊನೆಗೆ ಜೇನು ಸಾಕುವವರ ಬಳಿಗೇ ಹೋಗಿ, ಕಣ್ಣೆದುರು ತೆಗೆದದ್ದನ್ನು ತರೋಣ ಎಂದು ಹೊರಟೆ. ಅದಕ್ಕಾಗಿ ಎರಡು ಸಲ ಹೋಗಬೇಕಾಯಿತು. ನೀವು ಒಂದೇ ಸಲಕ್ಕೆ ಕೆಲಸ ಮುಗಿಸಿಕೊಂಡು ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ನನಗೆ ಬಿಡುವಿದ್ದ ದಿನ ನೋಡಿಕೊಂಡು ಹೋದೆ. ಹೂವಿನ ಕಾಲ ಇನ್ನೂ ನಡೆಯುತ್ತಿತ್ತು. ಅಷ್ಟು ದೂರದಿಂದ ಬಂದವನನ್ನು ಬರಿಗೈಲಿ ಕಳಿಸಬಾರದೆಂದೋ ಏನೋ, ಅಲ್ಲಿದ್ದವರು ಅರ್ಧಂಬರ್ಧ ತುಂಬಿದ ಎರಿಗಳನ್ನೇ, ಅಂದರೆ ಹುಳುಗಳು ಮೇಣದಿಂದ ಕಟ್ಟಿದ, ಪುಟ್ಟ ಪುಟ್ಟ ಕಣಗಳಿರುವ ತಟ್ಟೆಗಳನ್ನೇ, ತೆಗೆದು ತುಪ್ಪ ಇಳಿಸಿಕೊಟ್ಟರು. ಕಲಬೆರಕೆ ಒಂದು ಹನಿಯೂ ಇರಲಿಲ್ಲ, ನಾನೇ ನಿಂತು ನೋಡಿದ್ದೆ. ಆದರೂ ಮೂರು ವಾರ ಕಳೆದು ಮುಚ್ಚಳ ತಿರುಗಿಸಿದಾಗ ಬುಸ್ಸೆಂದು ಗಾಳಿ ಹೊರಬಂತು. ಮೇಲೆಲ್ಲ ನೊರೆ, ಮೂಗಿಗೆ ಹುಳಿ ವಾಸನೆ.

ಆಗಿದ್ದೇನೆಂದರೆ ಆ ತುಪ್ಪ ಇನ್ನೂ ಮಾಗಿರಲಿಲ್ಲ. ಹೂವಿನಿಂದ ತಂದ ಮಕರಂದದಲ್ಲಿ ನೀರೇ ಹೆಚ್ಚು. ಹುಳುಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸಿ, ಎರಿಯಲ್ಲಿ ಹರಡಿ, ರೆಕ್ಕೆ ಬೀಸಿ ನೀರಾರಿಸುತ್ತವೆ. ನೀರಿನಂಶ ಸುಮಾರು ಶೇ. 18ರ ಆಸುಪಾಸಿಗೆ ಇಳಿದ ಮೇಲೆ ಕಣದ ಬಾಯಿಗೆ ಮೇಣದ ಮುಚ್ಚಳ ಹಾಕುತ್ತವೆ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಕೂಡ ಸಾಮಾನ್ಯವಾಗಿ ಶೇ. 20ಕ್ಕಿಂತ ಹೆಚ್ಚು ನೀರನ್ನು ಒಪ್ಪುವುದಿಲ್ಲ. ಜೇನಿನಲ್ಲಿ ಯೀಸ್ಟ್ ಹೇಗೂ ಇರುತ್ತದೆ, ನೀರು ಸಿಕ್ಕರೆ ಸಾಕು, ಹುದುಗಿಸಿಬಿಡುತ್ತದೆ. ಹಾಗಾಗಿ ಹೊರಡುವ ಮೊದಲು ಫೋನ್ ಮಾಡಿ "ತುಪ್ಪ ಇದೆಯಾ?" ಎಂದು ಕೇಳಬೇಡಿ. "ಎರಿಗೆ ಮುಚ್ಚಳ ಬಿದ್ದಿದೆಯಾ? ಯಾವತ್ತು ತೆಗೀತೀರಿ?" ಎಂದು ಕೇಳಿ, ಅವರು ಹೇಳಿದ ದಿನವೇ ಹೋಗಿ.

ಎರಡನೆಯ ಸಲ ಹೋದದ್ದು ಬೇರೊಬ್ಬರ ಬಳಿಗೆ, ಬೆಳಿಗ್ಗೆ ಬಿಸಿಲೇರಿದ ಮೇಲೆ. ಆ ಹೊತ್ತಿಗೆ ಮೇಯುವ ಹುಳುಗಳಲ್ಲಿ ಹೆಚ್ಚಿನವು ಹೊರಗೆ ಹೋಗಿರುತ್ತವೆ. ತಿಳಿ ಬಣ್ಣದ, ಮೈತುಂಬ ಮುಚ್ಚುವ ಬಟ್ಟೆ ಇರಲಿ. ಸೆಂಟು ಹಾಕಿಕೊಳ್ಳಬೇಡಿ. ಬಾಳೆಹಣ್ಣು ತಿಂದು ಹೋಗಬೇಡಿ, ಅದರ ವಾಸನೆಯಲ್ಲಿರುವ ಒಂದು ಅಂಶ ಹುಳುಗಳು ಅಪಾಯದ ಸೂಚನೆಗೆ ಬಿಡುವ ವಾಸನೆಯಲ್ಲೂ ಇದೆ. ಪೆಟ್ಟಿಗೆಯ ಬಾಗಿಲೆದುರು, ಹುಳು ಹಾರಿಬರುವ ದಾರಿಯಲ್ಲಿ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಕುಟುಕಿದರೆ ತಡಮಾಡದೆ ಉಗುರಿನಿಂದ ಮುಳ್ಳು ಕೆರೆದು ತೆಗೆಯಿರಿ. ಕುಟುಕಿದಾಗ ಉಸಿರುಗಟ್ಟುವಷ್ಟು ಅಲರ್ಜಿ ಇರುವವರು ಈ ಪ್ರಯಾಣಕ್ಕೆ ಹೊರಡಲೇಬೇಡಿ.

ಜೇನು ಸಾಕುವ ಆ ಅಕ್ಕ ಹೊಗೆತಿದಿಯಿಂದ ಎರಡೇ ಎರಡು ಸಲ ಹೊಗೆ ಬಿಟ್ಟು ಮುಚ್ಚಳ ಎತ್ತಿದರು. ಕೆಳಗಿನದು ಸಂಸಾರದ ಕೋಣೆ. ರಾಣಿ, ಮೊಟ್ಟೆ, ಮರಿ ಎಲ್ಲ ಅಲ್ಲಿ. ಅದನ್ನು ಅವರು ಮುಟ್ಟಲಿಲ್ಲ. ಮೇಲಿನ ತುಪ್ಪದ ಕೋಣೆಯಿಂದ ಒಂದು ಚೌಕಟ್ಟು ಎತ್ತಿ ಹುಳು ಕೊಡವಿ ನನ್ನ ಕೈಗಿಟ್ಟರು. ಅಂಗೈಯಗಲದ ಎರಿ ಅಷ್ಟು ಭಾರವಿರಬಹುದೆಂದು ನಾನು ಎಣಿಸಿರಲಿಲ್ಲ. ಒಂದು ಮೂಲೆ ಬಿಟ್ಟರೆ ಮಿಕ್ಕದ್ದಕ್ಕೆಲ್ಲ ಬೆಳ್ಳನೆಯ ಮುಚ್ಚಳ. ಆ ತೆರೆದ ಮೂಲೆಯನ್ನು ತೋರಿಸಿ, ಅಡ್ಡ ಹಿಡಿದು ಒಮ್ಮೆ ಜೋರಾಗಿ ಕೊಡವಿದರು. ಒಂದು ಹನಿಯೂ ಉದುರಲಿಲ್ಲ. "ನೀರು ನೀರಾಗಿ ಚಿಮ್ಮಿದ್ರೆ ವಾಪಸ್ ಇಟ್ಬಿಡ್ತೀನಿ, ಇನ್ನೂ ಹುಳಾನೇ ಒಪ್ಪಿಲ್ಲ ಅಂತ ಅರ್ಥ" ಎಂದರು. ಮೊದಲ ಸಲ ನನಗೆ ಈ ಒಂದು ಪರೀಕ್ಷೆ ಗೊತ್ತಿದ್ದರೆ ಸಾಕಿತ್ತು.

ಆಮೇಲೆ ಚಾಕುವಿನಿಂದ ಮೇಣದ ಪದರವನ್ನು ಹೆರೆದರು. ತೆಳ್ಳನೆಯ ಹಾಳೆಯಂತೆ ಸುರುಳಿ ಸುತ್ತಿ ಬಿತ್ತು, ಕೆಳಗಿನ ಆರು ಮೂಲೆಯ ಕಣಗಳು ಒಂದೊಂದಾಗಿ ಮಿನುಗಿದವು. ಚೌಕಟ್ಟನ್ನು ಯಂತ್ರಕ್ಕಿಟ್ಟು ಕೈಯಿಂದ ತಿರುಗಿಸಿದರೆ ತುಪ್ಪ ಗೋಡೆಗೆ ಚಿಮ್ಮಿ ಕೆಳಗಿಳಿಯುತ್ತದೆ. 1852ರಲ್ಲಿ ಅಮೆರಿಕದ ಜೇನು ಸಾಕಣೆಗಾರ ಲ್ಯಾಂಗ್‌ಸ್ಟ್ರಾತ್ ಎತ್ತಿಡಬಹುದಾದ ಚೌಕಟ್ಟಿನ ಪೆಟ್ಟಿಗೆಗೆ ಪೇಟೆಂಟ್ ಪಡೆದ, 1865ರಲ್ಲಿ ಯುರೋಪಿನ ಜೇನು ಸಾಕಣೆಗಾರ ಹ್ರುಷ್ಕಾ ಈ ತಿರುಗುಯಂತ್ರ ತೋರಿಸಿದ. ಅವೆರಡರಿಂದಾಗಿ ಎರಿ ಮುರಿಯುವುದು ತಪ್ಪಿತು, ಖಾಲಿ ಎರಿ ಮತ್ತೆ ಹುಳುಗಳಿಗೇ ಸೇರುತ್ತದೆ. ಎರಿ ಹಿಂಡಿ ತೆಗೆದ ತುಪ್ಪ ಸುಳ್ಳು ತುಪ್ಪವೇನಲ್ಲ. ಆದರೆ ಮರಿಯಿರುವ ಭಾಗ ಬೇರೆ ಮಾಡಿದ್ದಾರೆಯೇ ಎಂದು ಕೇಳಲೇಬೇಕು. ಮರಿಯ ರಸ ಸೇರಿದ ತುಪ್ಪ ನನಗಂತೂ ಬೇಡ.

ಸೋಸಿದ್ದು ಸ್ಟೀಲ್ ಜರಡಿಯಲ್ಲಿ, ಅಷ್ಟೇ. ಮೇಣದ ಚೂರು ನಿಂತಿತು, ಪರಾಗ ಉಳಿಯಿತು. ಸೋಸುವುದರಿಂದ ತುಪ್ಪ ಕೆಡುವುದಿಲ್ಲ. ಬಿಸಿ ಮಾಡಿ, ಒತ್ತಡ ಹಾಕಿ, ಪರಾಗವೂ ಉಳಿಯದಂತೆ ಅತಿ ಸಣ್ಣದಾಗಿ ಶೋಧಿಸಿದಾಗ ಮಾತ್ರ ಅದು ಯಾವ ಹೂವಿನದು, ಯಾವ ನೆಲದ್ದು ಎಂಬ ಗುರುತೇ ಅಳಿಸಿಹೋಗುತ್ತದೆ.

ಅಲ್ಲಿ ನೀವು ಕೇಳಲೇಬೇಕಾದ ಪ್ರಶ್ನೆ ಬಿಸಿಯದ್ದು. "ಕಾಯಿಸ್ತೀರಾ?" ಎಂದರೆ ಯಾರೂ ಹೌದು ಎನ್ನುವುದಿಲ್ಲ. "ಗಟ್ಟಿಯಾದ ತುಪ್ಪವನ್ನು ಬಾಟಲಿಗೆ ಹೇಗೆ ತುಂಬ್ತೀರಿ?" ಎಂದು ಕೇಳಿ. ಗೂಡಿನೊಳಗೇ ಮರಿಗಳ ಬಳಿ 35 ಡಿಗ್ರಿ ಸೆಲ್ಸಿಯಸ್ ಹತ್ತಿರ ಶಾಖ ಇರುತ್ತದೆ, ಅಷ್ಟು ಬೆಚ್ಚಗೆ ಮಾಡಿದರೆ ತಕರಾರಿಲ್ಲ. 60–70 ಡಿಗ್ರಿಗೆ ಏರಿಸಿದರೆ ಪರಿಮಳ ಹೋಗುತ್ತದೆ, ಡಯಾಸ್ಟೇಸ್‌ನಂಥ ಕಿಣ್ವಗಳು ಕುಗ್ಗುತ್ತವೆ, ಬಿಸಿಗೆ ಸಕ್ಕರೆ ಒಡೆದು ಹುಟ್ಟುವ ಎಚ್‌ಎಂಎಫ್ ಎಂಬ ಅಂಶ ಏರುತ್ತದೆ. ಇದಕ್ಕೆ ಕೋಡೆಕ್ಸ್ ಇಟ್ಟ ಮಿತಿ ಕಿಲೋಗೆ 40 ಮಿಲಿಗ್ರಾಂ, ಉಷ್ಣವಲಯದ ಜೇನಿಗೆ 80. ಒಲೆಯನ್ನೇ ಕಾಣದ ತುಪ್ಪವೂ ಸೆಕೆಯ ಉಗ್ರಾಣದಲ್ಲಿ ತಿಂಗಳುಗಟ್ಟಲೆ ಕೂತರೆ ಎಚ್‌ಎಂಎಫ್ ಏರುತ್ತದೆ. ಆದ್ದರಿಂದ ತೆಗೆದ ತಿಂಗಳು ಯಾವುದು, ಎಲ್ಲಿಟ್ಟಿದ್ದರು ಎಂಬುದನ್ನೂ ವಿಚಾರಿಸಿ.

ಮನೆಯ ಪರೀಕ್ಷೆಗಳನ್ನು ನಂಬಿ ಹಣ ಕೊಡಬೇಡಿ. ನೀರಿಗೆ ಬಿಟ್ಟರೆ ತಳ ಸೇರುವುದು ಗಟ್ಟಿ ಸಕ್ಕರೆ ಪಾಕವೂ ಹೌದು. ಬೆಂಕಿಕಡ್ಡಿ ಅದ್ದಿ ಗೀರಿದರೆ ತಿಳಿಯುವುದು ಹೆಚ್ಚೆಂದರೆ ನೀರಿನಂಶ. ಬಣ್ಣ ಹೂವಿನಿಂದ ಬರುತ್ತದೆ, ಕಪ್ಪಾದರೆ ಹೆಚ್ಚು ಅಸಲಿ ಎಂದೇನಿಲ್ಲ. ಪ್ರಯೋಗಾಲಯಕ್ಕೂ ಇದು ಸುಲಭವಲ್ಲ. ಕಬ್ಬು, ಮೆಕ್ಕೆಜೋಳದ ಸಕ್ಕರೆ ಬೆರೆಸಿದರೆ, ಸಕ್ಕರೆ ಯಾವ ಬಗೆಯ ಗಿಡದ್ದೆಂದು ತೋರಿಸುವ ಇಂಗಾಲದ ಐಸೋಟೋಪ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಅಕ್ಕಿ ಅಥವಾ ಬೀಟ್ ಪಾಕ ಅದರಲ್ಲಿ ತಪ್ಪಿಸಿಕೊಳ್ಳಬಲ್ಲದು. ಆ ಅಕ್ಕನ ಬಳಿ ನೀರಿನಂಶ ಅಳೆಯುವ ಪುಟ್ಟ ಉಪಕರಣ, ರಿಫ್ರಾಕ್ಟೋಮೀಟರ್, ಇತ್ತು. ಗಾಜಿನ ಮೇಲೆ ಒಂದು ಹನಿ ಸವರಿ ಬೆಳಕಿಗೆ ಹಿಡಿದು ನೋಡಿದೆವು, ನೀರು ಶೇ. 18. ಅಂಥದ್ದನ್ನು ಇಟ್ಟುಕೊಂಡು, ಕೇಳುವ ಮೊದಲೇ ತೋರಿಸುವವರು ಸಿಕ್ಕರೆ ಅವರನ್ನು ಬಿಡಬೇಡಿ.

ಪಾತ್ರೆ ನೀವೇ ಒಯ್ಯಿರಿ. ಗಾಜಿನದ್ದಾಗಲಿ ಸ್ಟೀಲಿನದ್ದಾಗಲಿ, ಒಂದಿಷ್ಟೂ ಪಸೆ ಇರಬಾರದು. ಒಂದು ಲೀಟರ್ ತುಪ್ಪ ಸುಮಾರು 1.4 ಕಿಲೋ ತೂಗುತ್ತದೆ, ಲೆಕ್ಕ ಹಾಕುವಾಗ ನೆನಪಿರಲಿ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ವಿಮಾನದಲ್ಲಾದರೆ ಕೈಚೀಲದಲ್ಲಿ ಒಯ್ಯಲು ಬಿಡದಿರಬಹುದು, ಅದನ್ನು ದ್ರವವೆಂದೇ ಎಣಿಸುತ್ತಾರೆ. ಗಡಿ ದಾಟುವವರು ಆ ದೇಶದ ನಿಯಮ ನೋಡಿಕೊಳ್ಳಿ. ಮನೆಗೆ ತಂದ ಮೇಲೂ ಒಂದು ವರ್ಷ ತುಂಬದ ಮಗುವಿಗೆ ನೆಕ್ಕಿಸಬೇಡಿ. ಜೇನಿನಲ್ಲಿ ಬಾಟ್ಯುಲಿಸಂ ಎಂಬ, ಸ್ನಾಯುಗಳ ಶಕ್ತಿ ಕುಂದಿಸುವ ಅಪಾಯಕಾರಿ ಕಾಯಿಲೆ ತರುವ ಬೀಜಾಣುಗಳಿರಬಹುದು, ಕಾಯಿಸಿದ ತುಪ್ಪವೂ ಇದಕ್ಕೆ ಹೊರತಲ್ಲ.

ಎರಡನೆಯ ಸಲ ತಂದ ಜಾಡಿ ನಾಲ್ಕನೆಯ ತಿಂಗಳಿಗೆ ತಳದಿಂದ ಹರಳುಗಟ್ಟತೊಡಗಿತು. ಸಕ್ಕರೆ ಬೆರೆಸಿ ಮಾರಿದ್ದಾರೆ ಎಂದೇ ಮನೆಯವರು ಅಂದುಕೊಂಡರು. ಆದರೆ ಜೇನಿನಲ್ಲಿರುವ ಗ್ಲೂಕೋಸ್ ಹಾಗೆ ಹರಳಾಗುವುದು ಸಹಜ. ಅದನ್ನು ಮತ್ತೆ ತೆಳ್ಳಗೆ ಮಾಡಬೇಕೆನಿಸಿದರೆ ಕೈ ಇಡಬಹುದಾದಷ್ಟು ಬಿಸಿಯ ನೀರಿನಲ್ಲಿ ಜಾಡಿ ನಿಲ್ಲಿಸಿ, ಒಲೆಯ ಮೇಲಿಡಬೇಡಿ. ನಾನು ಹಾಗೇ ಬಿಟ್ಟಿದ್ದೇನೆ. ಈಗದು ಬೆಣ್ಣೆಯಷ್ಟು ಗಟ್ಟಿ, ಚಮಚ ಊರಿ ತೆಗೆಯಬೇಕು. ಮುಚ್ಚಳ ತೆರೆದರೆ ಅವತ್ತು ಮೇಣ ಹೆರೆದಾಗ ಬಂದ ಅದೇ ವಾಸನೆ.