ಬೆಲ್ಲಂಗೆ ನಾನೇ ಫೇಲ್ ಬರೆದ ಕಥೆ

ನಮ್ಮನೆ ಲ್ಯಾಬ್, ಅಂದ್ರೆ ಲ್ಯಾಬ್ರಡಾರ್ ನಾಯಿ, ಹೆಸರು ಬೆಲ್ಲ. ಸೊಸೈಟಿಲಿ ಎಲ್ರೂ ಬೆಲ್ಲಾ, ಬೆಲ್ಲಾ ಅಂತ ಇಂಗ್ಲಿಷ್ ಸ್ಟೈಲಲ್ಲಿ ಕರೀತಾರೆ, ನಾವು ಹೆಸರಿಟ್ಟಿದ್ದು ಅಚ್ಚುಬೆಲ್ಲದ ಬಣ್ಣ ನೋಡಿ. ಇರ್ಲಿ.

ಹೋದ ಭಾನುವಾರ ಪಿರಂಗುಟ್ ದಾಟಿ ಮುಳಶಿ ರೋಡಲ್ಲಿ ಪರಿಚಯದವರ ಹೊಲದಲ್ಲಿ ಮೂರು ಮನೆಯವರು ಮೂರು ಲ್ಯಾಬ್ ಕಟ್ಕೊಂಡು ಸೇರಿದ್ವಿ, ಎಲ್ಲ ಪುಣೇಲಿ ಬಂದು ಬೇರುಬಿಟ್ಟ ಧಾರವಾಡ-ಹುಬ್ಬಳ್ಳಿ ಮಂದಿನೇ. ಹಂಟ್ ಟೆಸ್ಟ್, ಅಂದ್ರೆ ಬಿದ್ದ ಬೇಟೆಯನ್ನ ನಾಯಿ ಹುಡುಕಿ ತರೋ ಪರೀಕ್ಷೆ, ಆಡೋಣ ಅಂತ. ಇದು ಅಮೆರಿಕನ್ ಕೆನಲ್ ಕ್ಲಬ್‌ನವರು 1985ರಲ್ಲಿ ರಿಟ್ರೀವರ್‌ಗಳಿಗೆ, ಅಂದ್ರೆ ಬೇಟೆ ಎತ್ತಿ ತರೋ ತಳಿಗಳಿಗೆ, ಶುರು ಮಾಡಿದ್ದು, ಜೂನಿಯರ್, ಸೀನಿಯರ್, ಮಾಸ್ಟರ್ ಅಂತ ಮೂರು ಹಂತ. ಅಲ್ಲಿ ನಿಜವಾದ ಬಾತುಕೋಳಿ ಬೀಳುತ್ತೆ, ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಅದಕ್ಕೆ ನಮ್ಮದು ಹಕ್ಕಿ ಬದಲು ಎಸೆಯೋ ಕ್ಯಾನ್ವಾಸ್ ಬಂಪರ್. ರೂಲ್‌ಬುಕ್ ಓದಿದ್ದು ನಾನೊಬ್ಬನೇ ಅಂತ ಜಡ್ಜ್ ಕೆಲಸ ನನ್ನ ತಲೆಗೆ ಕಟ್ಟಿದ್ರು. ಬೆಲ್ಲನ್ನ ಓಡಿಸಿದ್ದು ನನ್ನ ಹೆಂಡತಿ. ಸ್ವಂತ ನಾಯಿಗೆ ಜಡ್ಜ್ ಆಗೋದು ತಪ್ಪೇ, ಗೊತ್ತು, ಆದ್ರೆ ನಮ್ಮಲ್ಲಿ ಬೇರೆ ಯಾರಿದ್ರು?

ಮಾಸ್ಟರ್ ಮಟ್ಟದ್ದೇ ಇಡೋಣ ಅಂತ ಮೂರು ಬಂಪರ್ ಬೇರೆಬೇರೆ ಕಡೆ ಎಸೆಸಿದೆ. ನಾಯಿ ಕೂತು ಮೂರನ್ನೂ ನೋಡಬೇಕು, ನೆನಪಿಟ್ಕೋಬೇಕು, ಒಂದೊಂದೇ ತಂದು ಕೈಗೆ ಕೊಡಬೇಕು. ಕೊನೇಲಿ ಬಿದ್ದದ್ದನ್ನ ಸಾಮಾನ್ಯವಾಗಿ ಮೊದಲು ತರುತ್ತೆ, ಮೊದಲು ಬಿದ್ದದ್ದು ಅಷ್ಟೊತ್ತಿಗೆ ತಲೆಯಲ್ಲಿ ಮಸುಕಾಗಿರುತ್ತೆ. ಇಲ್ಲೇ ಜನ ತಪ್ಪು ತಿಳ್ಕೊಳ್ಳೋದು. ನಾಯಿ ಗೆರೆ ಹೊಡೆದ ಹಾಗೆ ಹೋಗಿ ಬಂಪರ್ ಮೇಲೇ ಕಾಲಿಡಬೇಕು ಅಂತೇನಿಲ್ಲ, ಬಿದ್ದ ಜಾಗದ ಆಸುಪಾಸಿಗೆ ಹೋಗಿ ಅಲ್ಲೇ ಬಿಡದೆ ಮೂಸಿ ಹುಡುಕ್ತಾ ಇದ್ರೆ ಅದು ಒಳ್ಳೇ ಮಾರ್ಕಿಂಗೇ, ಅಂದ್ರೆ ಬಿದ್ದ ಜಾಗ ಗುರುತಿಟ್ಕೊಂಡಿದೆ ಅಂತಲೇ. ಆ ಆಸುಪಾಸು ಎಷ್ಟು ದೊಡ್ಡದು ಅನ್ನೋದನ್ನ ದೂರ, ಹುಲ್ಲು, ಗಾಳಿ, ಏರುತಗ್ಗು ಎಲ್ಲ ನೋಡಿ ಜಡ್ಜ್ ಮನಸಲ್ಲೇ ಅಳೀಬೇಕು. ಬದಲಿಗೆ ಒಂದು ಕಡೆ ಹುಡುಕಿ ಸಿಗದೆ ಬಿಟ್ಟು ಇನ್ನೊಂದು ಬಂಪರ್ ಕಡೆ ಓಡಿತೋ, ಅದು ಸ್ವಿಚ್, ಅದಕ್ಕೆ ಕ್ಷಮೆ ಇಲ್ಲ.

ಎರಡು ನಾಯಿ ಚೆನ್ನಾಗೇ ಮಾಡಿದ್ವು. ಮೂರನೇದು ಹುಬ್ಬಳ್ಳಿ ಕಾಕಾ ಅವರ ಕರಿ ಲ್ಯಾಬ್. ಮೊದಲ ಬಂಪರ್ ಬೀಳೋದನ್ನೇ ಅದು ನೋಡ್ಲಿಲ್ಲ, ತಲೆ ಆಕಡೆ ಈಕಡೆ ಆಡಿಸ್ತಾ ಕೂತಿತ್ತು. ನಾನು ಪೆನ್ನು ತಗೊಂಡು ಮಾರ್ಕಿಂಗ್ ಹತ್ತಕ್ಕೆ 3 ಅಂತ ಬರೀತಿದ್ದೆ, ಕಾಕಾ ಬಂದು ನಿಂತ್ರು.

"ಅಲ್ಲೋ ತಮ್ಮಾ, ನಾಯಿ ಏನ್ ಗಾಗಲ್ ಹಾಕ್ಕೊಂಡು ಬರಬೇಕಿತ್ತೇನು?"

ತಿರುಗಿ ನೋಡಿದೆ. ನಾನು ಲೈನ್, ಅಂದ್ರೆ ನಾಯಿ ಕೂತು ಹೊರಡೋ ಜಾಗ, ಇಟ್ಟಿದ್ದು ಪೂರ್ವಕ್ಕೆ ಮುಖ ಮಾಡಿ. ಏಳು ಗಂಟೆಗೆ ಸೂರ್ಯ ಗುಡ್ಡದ ಹಿಂದಿದ್ದ, ಮೂರನೇ ನಾಯಿ ಬರೋಹೊತ್ತಿಗೆ ಸರಿಯಾಗಿ ಅದರ ಕಣ್ಣಿಗೇ ಬಡೀತಿದ್ದ. ನಾಯಿ ನಾಯಿ ನಡುವೆ ಹೋಲಿಕೆ ಇಲ್ಲ, ಪ್ರತಿಯೊಂದೂ ಒಂದು ಮಟ್ಟ ಮುಟ್ಟಿದ್ರೆ ಪಾಸ್, ಮೂರೂ ಪಾಸಾಗಬಹುದು, ಅದೇ ಈ ಆಟದ ಚೆಂದ. ಆದ್ರೆ ಮೂರಕ್ಕೂ ಸಿಕ್ಕಿದ್ದು ಬೇರೆಬೇರೆ ಪರೀಕ್ಷೆಯಾದ್ರೆ ಆ ಮಟ್ಟಕ್ಕೆ ಏನರ್ಥ?

ಇನ್ನೊಂದು ಘನಕಾರ್ಯ ಬ್ಲೈಂಡಲ್ಲಿ ಮಾಡಿದ್ದೆ. ಬ್ಲೈಂಡ್ ಅಂದ್ರೆ ಬಂಪರ್ ಎಲ್ಲಿದೆ ನಾಯಿಗೆ ಗೊತ್ತಿರಲ್ಲ, ಹ್ಯಾಂಡ್ಲರ್, ಅಂದ್ರೆ ನಾಯಿ ಓಡಿಸೋರು, ಸೀಟಿ ಊದಿ ನಿಲ್ಲಿಸಿ ಕೈ ತೋರಿಸಿ ಎಡ ಬಲ ಹಿಂದೆ ಕಳಿಸಬೇಕು. ಕಷ್ಟ ಇರ್ಲಿ ಅಂತ ನಾನು ಅದನ್ನ ಕರವಂದಿ ಪೊದೆ ಹಿಂದೆ ಇಟ್ಟಿದ್ದೆ. ನಾಯಿ ಪೊದೆ ಹಿಂದೆ ಹೋಯ್ತು, ಹ್ಯಾಂಡ್ಲರ್‌ಗೂ ಕಾಣಲ್ಲ, ನನಗೂ ಕಾಣಲ್ಲ, ಸೀಟಿಗೆ ಕೂತಿತೋ ಇಲ್ವೋ ದೇವರಿಗೇ ಗೊತ್ತು, ನಾನು ಮಾತ್ರ ಗಂಭೀರವಾಗಿ 6 ಅಂತ ಬರೆದಿದ್ದೆ! ಕಾಣದ್ದಕ್ಕೆ ಕೊಟ್ಟ ಅಂಕ.

ಹಾಳೆ ಹರಿದು ಹಾಕಿ ಲೈನನ್ನ ಉತ್ತರಕ್ಕೆ ತಿರುಗಿಸಿ, ಬ್ಲೈಂಡನ್ನ ಬಯಲಿನ ಇಳಿಜಾರಿಗೆ ತಂದು, ಗಾಳಿ ಅಡ್ಡಕ್ಕೆ ಬರೋ ಹಾಗೆ ಮಾಡಿ ಮೂರನ್ನೂ ಮತ್ತೆ ಓಡಿಸಿದೆ. ಪೊದೆಗಿಂತ ಈ ಬಯಲೇ ಕಷ್ಟ ಅಂತ ಆಮೇಲೆ ಗೊತ್ತಾಯ್ತು, ಅಡ್ಡಗಾಳಿಗೆ ನಾಯಿಗಳು ಮೆಲ್ಲಗೆ ವಾಲ್ತಾನೇ ಹೋಗ್ತವೆ, ಯಾವಾಗ ಸೀಟಿ ಊದಬೇಕು ಅನ್ನೋದ್ರಲ್ಲೇ ಹ್ಯಾಂಡ್ಲರ್ ಬಂಡವಾಳ ಬಯಲಾಗುತ್ತೆ. ಕಾಕಾನ ನಾಯಿ ಈ ಸಲ ಮೂರನ್ನೂ ತಂತು.

ಬೆಲ್ಲ? ಮಾರ್ಕಿಂಗ್ 9, ಸ್ಟೈಲ್ 9, ಹಠ ಬಿಡದೆ ಹುಡುಕಿದ್ದಕ್ಕೆ 8. ಆಮೇಲೆ ಹಾನರ್, ಅಂದ್ರೆ ಬೇರೆ ನಾಯಿ ಕೆಲಸ ಮಾಡುವಾಗ ಸುಮ್ನೆ ಕೂತು ನೋಡೋದು. ಕಾಕಾನ ನಾಯಿಗೆ ಬಂಪರ್ ಬಿದ್ದಿದ್ದೇ ತಡ ನಮ್ಮದು ಎದ್ದು ಓಡಿಬಿಡ್ತು. ಸರಾಸರಿ 7 ಇದ್ರೂ ಯಾವುದೇ ಒಂದ್ರಲ್ಲಿ 5ಕ್ಕಿಂತ ಕಮ್ಮಿ ಬಂದ್ರೆ ಫೇಲು, ಮಾಸ್ಟರಲ್ಲಂತೂ ಹೀಗೆ ಹಾರಿ ಓಡಿದ್ರೆ ಲೆಕ್ಕಾನೇ ಬೇಡ, ಅಲ್ಲಿಗೇ ಔಟ್.

"ಅವಳು ಎರಡೇ ಹೆಜ್ಜೆ ಹೋಗಿದ್ದು" ಅಂದ್ಲು ನನ್ನ ಹೆಂಡತಿ.

"ಕಾಕಾನ ಬಂಪರ್ ಬಾಯಲ್ಲಿತ್ತು ಕಣೇ" ಅಂದೆ.

ವಾಪಸ್ ಬರ್ತಾ ಪುಣೆಯ ಚಾಂದನಿ ಚೌಕ್ ಬರೋವರೆಗೂ ಮಾತಿಲ್ಲ. ಬೆಲ್ಲ ಹಿಂದಿನ ಸೀಟಲ್ಲಿ ಗೊರಕೆ ಹೊಡೀತಿತ್ತು.