ಯಾರೂ ಕೇಳದ ದುಡ್ಡು

ಮೊನ್ನೆ ಡ್ರಾಯರ್ ಖಾಲಿ ಮಾಡುವಾಗ ಹಳೇ ಪಾಸ್‌ಬುಕ್ ಒಂದು ಸಿಕ್ಕಿತು. ಅಂಚೆಲ್ಲ ಹಳದಿ, ಕೊನೆಯ ಎಂಟ್ರಿ ಅರ್ಧ ಅಳಿಸಿದೆ. ಈ ಖಾತೆ ನನಗೆ ಪೂರ್ತಿ ಮರೆತೇಹೋಗಿತ್ತು. ಇಂಥ ದುಡ್ಡೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತೆ ಅಂತ ಸುಮ್ನೆ ಹುಡುಕಲು ಕೂತೆ.

ಅಮೆರಿಕದಲ್ಲಿ ಪ್ರತಿ ರಾಜ್ಯವೂ ಇದಕ್ಕೇ ಒಂದು ವ್ಯವಸ್ಥೆ ಇಟ್ಟಿದೆ. ಮರೆತ ಖಾತೆ, ನಗದಾಗದ ಚೆಕ್, ವಿಮೆ ಹಣ, ಏನೇ ಇರಲಿ, ಸಾಮಾನ್ಯವಾಗಿ 3ರಿಂದ 5 ವರ್ಷ ಮಾಲೀಕರ ಸುಳಿವೇ ಇಲ್ಲದಿದ್ದರೆ ಕಂಪನಿ ಅದನ್ನು ನುಂಗುವಂತಿಲ್ಲ, ಸರ್ಕಾರಕ್ಕೆ ಒಪ್ಪಿಸಬೇಕು. ಬ್ಯಾಂಕ್ ಲಾಕರ್‌ನಲ್ಲಿದ್ದ ವಸ್ತುಗಳೂ ಹೀಗೇ ಸರ್ಕಾರಕ್ಕೆ ಬರುತ್ತವೆ. ಒಡವೆ ಹರಾಜಾದರೆ ಬಂದ ದುಡ್ಡು ಮಾಲೀಕರ ಹೆಸರಲ್ಲೇ ಉಳಿಯುತ್ತೆ. ಆದರೆ ಸೈನಿಕರ ಪದಕಗಳನ್ನು ಹಲವು ರಾಜ್ಯಗಳು ಮಾರುವುದೇ ಇಲ್ಲ, ಮನೆಯವರನ್ನು ಹುಡುಕಿ ಕೊಡಲು ನೋಡುತ್ತವೆ. ಇದು ನನಗೆ ತುಂಬಾ ಹಿಡಿಸಿತು.

ಭಾರತದಲ್ಲಿ 10 ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ. ದುಡ್ಡು ಹೋದರೂ ಹಕ್ಕು ಹೋಗಲ್ಲ, ಖಾತೆಯಿದ್ದ ಬ್ಯಾಂಕಿಗೇ ಹೋಗಿ ಕೇಳಬಹುದು. 2023ರಲ್ಲಿ ರಿಸರ್ವ್ ಬ್ಯಾಂಕ್ ಶುರುಮಾಡಿದ ಉದ್ಗಮ್ ಪೋರ್ಟಲ್‌ನಲ್ಲಿ ಹಲವು ಬ್ಯಾಂಕುಗಳಲ್ಲಿ ಒಟ್ಟಿಗೇ ಹುಡುಕಬಹುದು.

ಹುಡುಕೋದು ಸುಲಭ, ನಾನೇ ಆ ಮನುಷ್ಯ ಅಂತ ಸಾಬೀತು ಮಾಡೋದೇ ಜಾಸ್ತಿ ಕಷ್ಟ. ಮದುವೆಯಾಗಿ ಹೆಸರು ಬದಲಾಗಿರುತ್ತೆ, ವಿಳಾಸ ನಾಲ್ಕು ಸಲ ಬದಲಾಗಿರುತ್ತೆ, ಖಾತೆಯವರು ತೀರಿಹೋಗಿದ್ದರಂತೂ ವಾರಸುದಾರರು ಒಂದು ಫೈಲ್ ತುಂಬ ಕಾಗದ ಹೊತ್ತು ಓಡಾಡಬೇಕು. ಮೋಸಗಾರರನ್ನು ತಡೆಯಲು ಇದೆಲ್ಲ ಬೇಕು, ಒಪ್ಪಿದೆ. ಆದರೆ ದುಡ್ಡು ತಗೊಳ್ಳುವಾಗ ಇದ್ದ ಚುರುಕು ಕೊಡುವಾಗಲೂ ಇರಬೇಕು ಅಲ್ವಾ? "ಪಾಲು ಕೊಡಿ, ಹುಡುಕಿಕೊಡ್ತೀವಿ" ಅಂತ ಫೋನ್ ಮಾಡುವವರೂ ಇದ್ದಾರೆ. ಅದಕ್ಕೂ ಮೊದಲು ಸರ್ಕಾರಿ ಪೋರ್ಟಲ್‌ನಲ್ಲಿ ನೀವೇ ನೋಡಿ, ಅಲ್ಲಿ ಹುಡುಕೋಕೆ ದುಡ್ಡು ಕೊಡಬೇಕಿಲ್ಲ.

ನನ್ನ ಪಾಸ್‌ಬುಕ್ ಈಗ ಮೇಜಿನ ಮೇಲಿದೆ. ಅದರಲ್ಲಿರುವ ಸಹಿಗೂ ನನ್ನ ಈಗಿನ ಸಹಿಗೂ ಸಂಬಂಧವೇ ಇಲ್ಲ.