ಹನ್ನೊಂದು ಸಲ ಅಳಿಸಿದ ಮಾತು

ಸೋಮವಾರ ರಾತ್ರಿ ಮೊಬೈಲಿನಲ್ಲಿ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಮೇಲಿಂದ ಕೆಳಗೆ ಒಂದೇ ಸಾಲು: ಈ ಮೆಸೇಜ್ ಡಿಲೀಟ್ ಆಗಿದೆ. ಎಣಿಸಿದೆ, 11 ಸಲ. ಅದರ ಕೆಳಗೆ ಉಳಿದದ್ದು 14 ಸೆಕೆಂಡಿನ ಒಂದು ವಾಯ್ಸ್ ಮೆಸೇಜ್.

ಇಂಗ್ಲಿಷ್ ಕಲಿಯುವ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಟೈಪ್ ಮಾಡುವ ಹಾಗಿಲ್ಲ. ಇಂಗ್ಲಿಷಿನಲ್ಲಿ ಮಾತಾಡಿಯೇ ಕಳಿಸಬೇಕು. ಆ ಮೆಸೇಜ್ ಕಳಿಸಿದ ಹುಡುಗಿ ಎರಡು ತಿಂಗಳಿಂದ ಬರೀ ಕೇಳಿಸಿಕೊಳ್ಳುತ್ತಿದ್ದಳು. ಅವತ್ತು ಮೊದಲ ಸಲ ಬಾಯಿ ಬಿಟ್ಟಳು. "ಯೆಸ್ಟರ್‌ಡೇ ಐ ಡಿಡಂಟ್ ವೆಂಟ್..." ಅಂತ ಶುರುವಾಗಿತ್ತು ಅವಳ ಮಾತು.

ಒಂದು ನಿಮಿಷವೂ ಆಗಿರಲಿಲ್ಲ. ಗುಂಪಿನ ಇನ್ನೊಬ್ಬರು ನಿಯಮ ಮುರಿದು ಟೈಪ್ ಮಾಡಿದರು: "ವೆಂಟ್ ಅಲ್ಲ, ಗೋ. ಬೇಸಿಕ್ ಗ್ರಾಮರ್." ಅವರು ಕೆಟ್ಟವರಲ್ಲ. ತಪ್ಪು ಹಿಡಿಯೋದೇ ಸಹಾಯ ಅಂತ ನಂಬಿದವರು. ನನಗೆ ಸಿಟ್ಟು ಬಂದದ್ದು ಆ 'ಬೇಸಿಕ್' ಅನ್ನೋ ಪದಕ್ಕೆ. ಎಲ್ಲರ ಎದುರು ಅದನ್ನು ಹೇಳಬೇಕಿತ್ತಾ?

ಅವಳಿಗೆ ಬೇರೆಯಾಗಿ ಮೆಸೇಜ್ ಮಾಡಿದೆ.

"ಮೇಡಂ, ಆ 14 ಸೆಕೆಂಡಿಗೆ 40 ನಿಮಿಷ ತಗೊಂಡೆ. ನನ್ ಕೈಲಿ ಆಗಲ್ಲ ಬಿಡಿ."

40 ನಿಮಿಷ! ಆಮೇಲೆ ನಿದ್ದೆ ಬರಲಿಲ್ಲ. ಯಾಕೆ ಅಷ್ಟು ಸಲ ಡಿಲೀಟ್ ಮಾಡಿದೆ ಅಂತ ಕೇಳಿದ್ದೆ. ಒಂದು ಸಲ 'ಕಂಫರ್ಟಬಲ್' ಅನ್ನಲು ನಾಲಿಗೆ ತೊಡರಿತಂತೆ. ಇನ್ನೊಂದು ಸಲ 'ಶಿ' ಅನ್ನೋ ಕಡೆ 'ಹಿ' ಬಂತಂತೆ. ಮತ್ತೊಂದು ಸಲ ವಾಕ್ಯ ಅರ್ಧಕ್ಕೇ ನಿಂತಿತಂತೆ. ಅಂದರೆ ಪ್ರತಿ ಸಲವೂ ತನ್ನ ದನಿ ತಾನೇ ಕೇಳಿದ್ದಾಳೆ, ತಪ್ಪನ್ನೂ ತಾನೇ ಹಿಡಿದಿದ್ದಾಳೆ. ಕಲಿಯೋದು ಅಂದರೆ ಇದೇ ಅಲ್ವಾ? ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದ ಮಾತನ್ನು ಹೀಗೆ ಹಿಂದಕ್ಕೆ ತಗೊಂಡು ಮತ್ತೆ ಹೇಳಲು ಯಾರು ಬಿಡುತ್ತಾರೆ?

ಕೆನಡಾದಲ್ಲಿ ವರ್ಷಗಟ್ಟಲೆ ಫ್ರೆಂಚಿನಲ್ಲೇ ಪಾಠ ಕೇಳಿದ, ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಕೇಳಿದ್ದು ಚೆನ್ನಾಗಿ ಅರ್ಥವಾಗುತ್ತಿತ್ತು. ಮಾತಾಡುವಾಗ ಮಾತ್ರ ಎಡವುತ್ತಿದ್ದರು. ಅದನ್ನು ನೋಡಿಯೇ ಭಾಷಾ ಕಲಿಕೆಯ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ಬರೀ ಕೇಳಿದರೆ ಸಾಲದು, ಮಾತಾಡಬೇಕು ಎಂದರು. ಮಾತಾಡಲು ಹೊರಟಾಗಲೇ ನಮಗೆ ಬಾರದ್ದು ಯಾವುದು ಅಂತ ಗೊತ್ತಾಗೋದು. ಇಂಗ್ಲಿಷ್ ಕಲಿಸುವ ರೀಲ್ಸ್ ಎಷ್ಟು ನೋಡಿದರೂ ಬಾಯಿ ಮುಚ್ಚೇ ಇರುತ್ತೆ. ಅದಕ್ಕಿಂತ ಅಳಿಸಿದ ಆ 11 ಮೆಸೇಜೇ ಜಾಸ್ತಿ ಕಲಿಸಿವೆ ಅಂತ ನನಗೆ ಅನಿಸುತ್ತೆ. ಅವಳಿಗೂ ಅದನ್ನೇ ಹೇಳಿದೆ. ಇನ್ನು ಗುಂಪಿಗೆ ಬೇಡ, ನನಗೊಬ್ಬಳಿಗೇ ಕಳಿಸು ಅಂದೆ.

ಮೂರು ದಿನ ಸುದ್ದಿ ಇಲ್ಲ. ನಿನ್ನೆ ರಾತ್ರಿ 52 ಸೆಕೆಂಡಿನ ಮೆಸೇಜ್ ಬಂತು. ಒಂದೂ ಅಳಿಸಿರಲಿಲ್ಲ. ನಡುವೆ ಅದೇ 'ಡಿಡಂಟ್ ವೆಂಟ್' ಇತ್ತು. ನಾನು ತಪ್ಪಿನ ಸುದ್ದಿಗೇ ಹೋಗಲಿಲ್ಲ. "ಓಹ್, ಯು ಡಿಡಂಟ್ ಗೋ? ವೈ?" ಅಂತ ಮಾತಾಡಿ ಕಳಿಸಿದೆ.

ತಕ್ಷಣ ಉತ್ತರ ಬಂತು.

"ಯೆಸ್ ಮೇಡಂ, ಐ ಡಿಡಂಟ್ ಗೋ, ಬಿಕಾಸ್..."